ಹತ್ತು ಶೀಶೆಗಳು, ಮೂರು ತಪ್ಪು ಉತ್ತರಗಳು

ಹೆಬ್ಬೆರಳಿನ ಗಾತ್ರದ ಹತ್ತು ಗಾಜಿನ ಶೀಶೆಗಳು. ಒಂದೊಂದರ ಮೇಲೂ ಒಂದು ಸಂಖ್ಯೆ, ಅದು ಬಿಟ್ಟರೆ ಬೇರೆ ಗುರುತಿಲ್ಲ. ನಮ್ಮ ಪ್ರಯೋಗಾಲಯದ ಹಿರಿಯರೊಬ್ಬರು ಅವನ್ನು ನನ್ನ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, "ಇವು ಮಂಗಳದಿಂದ ಬಂದಿವೆ ಎಂದುಕೊಳ್ಳಿ. ಯಾವುದರಲ್ಲಿ ಜೀವವಿದೆ, ಯಾವುದರಲ್ಲಿ ಇಲ್ಲ, ಮೂರು ವಾರದಲ್ಲಿ ಬರೆದುಕೊಡಿ" ಎಂದರು. ಸೂಕ್ಷ್ಮಜೀವಿ ವಿಜ್ಞಾನ ಓದಿ ಮುಗಿಸಿ, ಭೂಮಿಯಾಚೆಯ ಜೀವವನ್ನು ಪತ್ತೆಹಚ್ಚುವ ವಿಧಾನಗಳನ್ನು ಒರೆಗೆ ಹಚ್ಚುವ ತಂಡಕ್ಕೆ ನಾನು ಸೇರಿ ಆಗ ಕೆಲವೇ ತಿಂಗಳಾಗಿತ್ತು. ಮೂರು ವಾರ ಯಾಕೆ, ಒಂದು ವಾರ ಸಾಕು ಎಂದುಕೊಂಡೆ. ಹತ್ತರಲ್ಲಿ ಮೂರು ತಪ್ಪಾದವು. ಆ ಮೂರರ ಕಥೆ ಇದು. ಸರಿಯಾದ ಏಳರಿಂದ ನಾನು ಕಲಿತದ್ದು ಅಷ್ಟಕ್ಕಷ್ಟೆ.

ಶೀಶೆಗಳ ಮುಚ್ಚಳ ತೆಗೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಜೀವಕ್ಕೊಂದು ವ್ಯಾಖ್ಯೆ ಬರೆಯಲು ಕುಳಿತೆ. ಏನನ್ನು ಹುಡುಕುತ್ತಿದ್ದೇನೆ ಎಂದು ಗೊತ್ತಿಲ್ಲದೆ ಹುಡುಕುವುದು ಹೇಗೆ? ಶಾಲೆಯಲ್ಲಿ ಬಾಯಿಪಾಠ ಮಾಡಿದ ಪಟ್ಟಿ ಎಲ್ಲರಿಗೂ ನೆನಪಿರುತ್ತದೆ: ತಿನ್ನುತ್ತದೆ, ಉಸಿರಾಡುತ್ತದೆ, ಬೆಳೆಯುತ್ತದೆ, ತನ್ನಂಥದ್ದನ್ನೇ ಹುಟ್ಟಿಸುತ್ತದೆ, ಮುಟ್ಟಿದರೆ ಮಿಸುಕುತ್ತದೆ. ಈ ಪಟ್ಟಿಯನ್ನು ಬೆಂಕಿಯ ಮುಂದೆ ಹಿಡಿದರೆ ಬೆಂಕಿ ಹೆಚ್ಚುಕಡಿಮೆ ಪಾಸಾಗುತ್ತದೆ. ಕಟ್ಟಿಗೆ ತಿನ್ನುತ್ತದೆ, ಆಮ್ಲಜನಕ ಎಳೆದುಕೊಳ್ಳುತ್ತದೆ, ಬೆಳೆಯುತ್ತದೆ, ಕಿಡಿ ಹಾರಿದಲ್ಲಿ ಇನ್ನೊಂದು ಬೆಂಕಿಯನ್ನು ಹುಟ್ಟಿಸುತ್ತದೆ, ಊದಿದರೆ ಬಾಗುತ್ತದೆ. ಅದೇ ಪರೀಕ್ಷೆಯಲ್ಲಿ ಹೇಸರಗತ್ತೆ ನಪಾಸು. ಪಾಪ, ಅದಕ್ಕೆ ಮರಿಯಾಗುವುದಿಲ್ಲ.

ಹಾಗಾಗಿ ದೊಡ್ಡವರ ವ್ಯಾಖ್ಯೆಯನ್ನೇ ಬರೆದುಕೊಂಡೆ. ನಾಸಾ ಸಮಿತಿಯೊಂದರ ಚರ್ಚೆಯಲ್ಲಿ ಹುಟ್ಟಿ, 1994ರಲ್ಲಿ ಜೆರಾಲ್ಡ್ ಜಾಯ್ಸ್ ಅವರ ಬರಹದಲ್ಲಿ ಅಚ್ಚಾದ ವಾಕ್ಯ ಅದು: ಜೀವವೆಂದರೆ ಡಾರ್ವಿನ್ ವಿವರಿಸಿದ ಬಗೆಯ ವಿಕಾಸಕ್ಕೆ ಒಳಗಾಗಬಲ್ಲ, ತನ್ನನ್ನು ತಾನೇ ನಡೆಸಿಕೊಳ್ಳುವ ರಾಸಾಯನಿಕ ವ್ಯವಸ್ಥೆ. ಓದಲು ಬಹಳ ಚೆನ್ನಾಗಿದೆ. ಬೆಂಕಿ ಹೊರಗೆ ಉಳಿಯುತ್ತದೆ, ಹೇಸರಗತ್ತೆ ತನ್ನ ವಂಶದ ಬಲದಿಂದ ಒಳಗೆ ಬರುತ್ತದೆ. ಆದರೆ ಮೇಜಿನ ಮೇಲೆ ಹತ್ತು ಶೀಶೆ ಇಟ್ಟುಕೊಂಡು ಕುಳಿತವರಿಗೆ ಇದರಿಂದ ಏನು ಉಪಯೋಗ? ವಿಕಾಸ ನಡೆಯುತ್ತದೆಯೇ ಎಂದು ನೋಡಲು ಎಷ್ಟು ಕಾಲ ಕಾಯಬೇಕು? ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಹನ್ನೆರಡು ಫ್ಲಾಸ್ಕ್‌ಗಳಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಬೆಳೆಸಲು ಶುರುಮಾಡಿದರು. ಆಮ್ಲಜನಕವಿದ್ದಾಗ ಸಿಟ್ರೇಟ್ ತಿನ್ನುವ ಹೊಸ ಶಕ್ತಿ ಅವುಗಳಲ್ಲಿ ಒಂದೇ ಒಂದು ಫ್ಲಾಸ್ಕಿನಲ್ಲಿ, ಅದೂ 30,000ಕ್ಕೂ ಹೆಚ್ಚು ತಲೆಮಾರುಗಳ ನಂತರ ಕಾಣಿಸಿಕೊಂಡಿತು. ನನಗಿದ್ದದ್ದು ಮೂರು ವಾರ.

ಹೀಗಾಗಿ ವ್ಯಾಖ್ಯೆಯನ್ನು ಪುಟದ ಮೇಲೆಯೇ ಬಿಟ್ಟು, ಕೈಗೆ ಸಿಗುವ ಮೂರು ಪರೀಕ್ಷೆಗಳನ್ನು ಇಟ್ಟುಕೊಂಡೆ. ಒಂದು, ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎರಡು, ಎಟಿಪಿ ಅಳೆಯುವುದು, ಅಂದರೆ ಜೀವಕೋಶಗಳು ಶಕ್ತಿಗಾಗಿ ಖರ್ಚು ಮಾಡುವ ಅಣುವನ್ನು. ಮಿಂಚುಹುಳುವಿನ ಹೊಟ್ಟೆಯಲ್ಲಿರುವ ಲೂಸಿಫೆರೇಸ್ ಎಂಬ ಕಿಣ್ವ ಎಟಿಪಿ ಸಿಕ್ಕಾಗ ಬೆಳಕು ಬಿಡುತ್ತದೆ; ಕತ್ತಲೆಯ ಪೆಟ್ಟಿಗೆಯೊಳಗೆ ಆ ಬೆಳಕನ್ನು ಯಂತ್ರ ಎಣಿಸುತ್ತದೆ. ಮೂರು, ಡಿಎನ್‌ಎಯನ್ನು ಹೊರತೆಗೆದು ಪಿಸಿಆರ್ ಎಂಬ ವಿಧಾನದಲ್ಲಿ ನಕಲು ಮಾಡಿಸಿ ಓದುವುದು. ಮೂರರಲ್ಲಿ ಎರಡು ಹೌದು ಎಂದರೆ ಜೀವ ಇದೆ ಎಂದು ತೀರ್ಮಾನ. ಇದೇ ನನ್ನ ನಿಜವಾದ ವ್ಯಾಖ್ಯೆಯಾಗಿತ್ತು ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ನಾಲ್ಕನೆಯ ಶೀಶೆಯಲ್ಲಿ ಬಿಳಿ ಪುಡಿ ಬೆರೆತ ನೀರಿತ್ತು. ಒಂದು ತೊಟ್ಟು ಗಾಜಿನ ಪಟ್ಟಿಯ ಮೇಲೆ ಹಾಕಿ 400 ಪಟ್ಟು ಹಿಗ್ಗಿಸಿ ನೋಡಿದೆ. ಕುರ್ಚಿಯಿಂದ ಎದ್ದು ನಿಂತದ್ದು ನೆನಪಿದೆ. ತಿರುಚಿಕೊಂಡ ರಿಬ್ಬನ್‌ಗಳು, ಹೆಣೆದ ಜಡೆಯಂಥವು, ಹುಳುವಿನಂತೆ ಬಳುಕಿದ ಎಳೆಗಳು, ಅಂಚು ಸುರುಳಿ ಸುತ್ತಿದ ಎಲೆಗಳು. ಎಲ್ಲಿಯೂ ಹರಳಿನ ನೇರ ಅಂಚಿಲ್ಲ, ಚೂಪು ಮೂಲೆಯಿಲ್ಲ. ಬಣ್ಣ ಹಾಕಿದಾಗ ಮಂಕಾಗಿ ಹಸಿರು ಹೊಳೆದವು. ಎಟಿಪಿ ಶೂನ್ಯ. ಡಿಎನ್‌ಎಯೂ ಬರಲಿಲ್ಲ. ಬರದಿದ್ದುದಕ್ಕೆ ನನ್ನ ಬಳಿ ಉತ್ತರ ಸಿದ್ಧವಾಗಿತ್ತು: ಸತ್ತು ಬಹಳ ಕಾಲವಾಗಿದೆ, ಡಿಎನ್‌ಎ ಚೂರುಚೂರಾಗಿದೆ. ಮೂರರಲ್ಲಿ ಎರಡು ಎಂದು ನಾನೇ ಹಾಕಿಕೊಂಡ ನಿಯಮವನ್ನು ಆ ಸುಂದರ ಸುರುಳಿಗಳಿಗಾಗಿ ನಾನೇ ಮುರಿದೆ. "ತಂತು ರೂಪದ ಸೂಕ್ಷ್ಮಜೀವಿಗಳ ಅವಶೇಷ, ಖಚಿತ" ಎಂದು ಬರೆದೆ. ಆ 'ಖಚಿತ' ಎಂಬ ಪದದ ಕೆಳಗೆ ಗೆರೆ ಎಳೆದದ್ದನ್ನೂ ಹೇಳಿಬಿಡುತ್ತೇನೆ.

ಅದು ಬೇರಿಯಂ ಕಾರ್ಬೊನೇಟ್ ಮತ್ತು ಸಿಲಿಕಾ. ಯಾವ ಜೀವವೂ ಅದರ ಹತ್ತಿರ ಸುಳಿದಿರಲಿಲ್ಲ.

ನಂಬಿಕೆ ಬರದೆ ನಾನೇ ಮಾಡಿ ನೋಡಿದೆ. ಬೇರಿಯಂ ಕ್ಲೋರೈಡ್ ತೀರಾ ತೆಳುವಾಗಿ ಕರಗಿದ ನೀರು, ಸೋಡಿಯಂ ಸಿಲಿಕೇಟ್ ಕರಗಿದ ನೀರು, ಎರಡನ್ನೂ ಸೇರಿಸಿ ಕ್ಷಾರೀಯತೆಯನ್ನು ಪಿಎಚ್ 11ರ ಆಸುಪಾಸಿಗೆ ತಂದು, ಅಗಲ ಬಾಯಿಯ ತಟ್ಟೆಯಲ್ಲಿ ಹಾಗೇ ಬಿಟ್ಟೆ. ಬೇರಿಯಂ ಕ್ಲೋರೈಡ್ ವಿಷ, ಕೈಗವಸು ಇಲ್ಲದೆ ಯಾರೂ ಇದಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಕರಗುತ್ತದೆ, ಕಾರ್ಬೊನೇಟ್ ಹರಳುಗಟ್ಟತೊಡಗುತ್ತದೆ, ಆದರೆ ಸಿಲಿಕಾ ಹರಳಿನ ತುದಿಗೆ ಮೆತ್ತಿಕೊಂಡು ಅದನ್ನು ನೇರ ಬೆಳೆಯಲು ಬಿಡುವುದಿಲ್ಲ. ತಡೆದಲ್ಲಿ ಅದು ಬಾಗುತ್ತದೆ, ಬಾಗಿದ್ದು ಸುರುಳಿಯಾಗುತ್ತದೆ. ಸಂಜೆ ಇಟ್ಟದ್ದನ್ನು ಬೆಳಗ್ಗೆ ನೋಡಿದರೆ ನನ್ನ 'ಸೂಕ್ಷ್ಮಜೀವಿಗಳು' ತಟ್ಟೆಯ ತುಂಬ. ಒಂದು ಹನಿ ಆಮ್ಲ ಬಿಟ್ಟೆ. ಗುಳ್ಳೆಗಳೆದ್ದು ಒಳಗಿನ ಕಾರ್ಬೊನೇಟ್ ಕರಗಿ, ಹಾವು ಬಿಟ್ಟ ಪೊರೆಯ ಹಾಗೆ ಸಿಲಿಕಾದ ತೆಳು ಸಿಪ್ಪೆ ಮಾತ್ರ ಉಳಿಯಿತು.

ಸ್ಪೇನ್‌ನ ಹ್ವಾನ್ ಮನುವೆಲ್ ಗಾರ್ಸಿಯಾ-ರೂಯಿಸ್ ಮತ್ತು ಸಂಗಡಿಗರು ಇಂಥ ಆಕಾರಗಳನ್ನು ಅತ್ಯಂತ ಹಳೆಯ ಪಳೆಯುಳಿಕೆಗಳೆನ್ನಲಾದ ಎಳೆಗಳ ಪಕ್ಕದಲ್ಲಿಟ್ಟು 2003ರಲ್ಲಿ ತೋರಿಸಿದ್ದರು. ನಾನದನ್ನು ಓದಿರಲಿಲ್ಲ. ಓದಿದ್ದರೂ ಆ ಹೊತ್ತಿಗೆ ನೆನಪಾಗುತ್ತಿತ್ತೋ ಇಲ್ಲವೋ! ಆಕಾರಕ್ಕೆ ಮರುಳಾದವರಲ್ಲಿ ನಾನು ಮೊದಲಿಗನಲ್ಲ ಎಂಬ ಸಮಾಧಾನವಂತೂ ಇದೆ. ಆಸ್ಟ್ರೇಲಿಯಾದ ಸುಮಾರು 346 ಕೋಟಿ ವರ್ಷ ಹಳೆಯ ಬಂಡೆಯೊಂದರಲ್ಲಿ ವಿಲಿಯಂ ಶಾಪ್ಫ್ 1993ರಲ್ಲಿ ಗುರುತಿಸಿದ ಸೂಕ್ಷ್ಮಜೀವಿ ಪಳೆಯುಳಿಕೆಗಳನ್ನು ಮಾರ್ಟಿನ್ ಬ್ರೇಸಿಯರ್ 2002ರಲ್ಲಿ ಪ್ರಶ್ನಿಸಿದರು. ವಾದ ದಶಕಗಟ್ಟಲೆ ನಡೆಯಿತು. 1984ರಲ್ಲಿ ಅಂಟಾರ್ಕ್ಟಿಕಾದ ಮಂಜಿನ ಮೇಲೆ ಸಿಕ್ಕ ಎಎಲ್‌ಎಚ್ 84001 ಎಂಬ ಮಂಗಳದ ಉಲ್ಕಾಶಿಲೆಯಲ್ಲಿ ಹುಳುವಿನಂಥ ಆಕಾರಗಳಿವೆ ಎಂಬ ಸುದ್ದಿ 1996ರಲ್ಲಿ ಅಮೆರಿಕದ ಅಧ್ಯಕ್ಷರೇ ಮಾತನಾಡುವಷ್ಟು ದೊಡ್ಡದಾಯಿತು. ಆ ಕಲ್ಲಿನಲ್ಲಿ ಕಂಡದ್ದಕ್ಕೆಲ್ಲ ಒಂದೊಂದಾಗಿ ಜೀವವಿಲ್ಲದ ವಿವರಣೆಗಳು ಸಿಗುತ್ತಾ ಹೋದವು. ಉಳಿದದ್ದು ಆ ಫೋಟೊ. ಅದನ್ನು ನೋಡಿದರೆ ಈಗಲೂ ಕಣ್ಣು ಹುಳು ಎಂದೇ ಹೇಳುತ್ತದೆ.

ಏಳನೆಯ ಶೀಶೆ ಇದಕ್ಕೆ ತದ್ವಿರುದ್ಧ. ಒಣ ಮರಳು. ಸೂಕ್ಷ್ಮದರ್ಶಕದಲ್ಲಿ ಮರಳಿನ ಕಣಗಳ ನಡುವೆ ಒಂದಿಷ್ಟು ಹೊಳೆಯುವ ಚುಕ್ಕೆಗಳು. ಅವೂ ಮರಳಿನ ಚೂರೇ ಎಂದುಕೊಂಡೆ. ಬಣ್ಣ ಹಿಡಿಯಲಿಲ್ಲ. ಎಟಿಪಿ ಯಂತ್ರ ತೋರಿಸಿದ ಸಂಖ್ಯೆಗೂ ಬರೀ ನೀರಿಗೆ ಅದು ತೋರಿಸುವ ಸಂಖ್ಯೆಗೂ ವ್ಯತ್ಯಾಸವಿಲ್ಲ. ಡಿಎನ್‌ಎ ಇಲ್ಲ. ಮೂರಕ್ಕೆ ಮೂರೂ ಇಲ್ಲ. ಇಷ್ಟು ಸುಲಭದ್ದನ್ನು ಯಾಕೆ ಕೊಟ್ಟರು ಎಂದು ಒಳಗೊಳಗೇ ನಗುತ್ತ "ಜೀವವಿಲ್ಲ" ಎಂದು ಬರೆದೆ. ಫಲಿತಾಂಶದ ದಿನ ಆ ಹಿರಿಯರು ಮಾತಾಡಲೇ ಇಲ್ಲ. ಅದೇ ಮರಳನ್ನು ಚಿಟಿಕೆಯಷ್ಟು ಪೋಷಕಾಂಶದ ತಟ್ಟೆಯ ಮೇಲೆ ಉದುರಿಸಿ, "ನಾಳೆ ನೋಡಿ" ಎಂದು ಹೊರಟುಹೋದರು. ಮರುದಿನ ತಟ್ಟೆಯ ತುಂಬ ಸುಕ್ಕುಸುಕ್ಕಾದ ಬೂದುಬಿಳಿ ಬಣ್ಣದ ಬ್ಯಾಕ್ಟೀರಿಯಾ ಗುಂಪುಗಳು. ಬ್ಯಾಸಿಲಸ್ ಸಬ್ಟಿಲಿಸ್. ಶೀಶೆಯಲ್ಲಿದ್ದದ್ದು ಅದರ ಬೀಜಾಣುಗಳು, ಅಂದರೆ ಸ್ಪೋರ್‌ಗಳು.

"ನೀವು ಹುಡುಕಿದ್ದು ಚಟುವಟಿಕೆಯನ್ನು. ಇವು ಮಲಗಿದ್ದವು" ಎಂದರು ಅವರು.

ಬೀಜಾಣುವೊಂದು ತಿನ್ನುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ, ಮುಟ್ಟಿದರೆ ಮಿಸುಕುವುದೂ ಇಲ್ಲ. ಎಟಿಪಿಯನ್ನು ಬಹುಮಟ್ಟಿಗೆ ಖಾಲಿ ಮಾಡಿಕೊಂಡೇ ಮಲಗಿರುತ್ತದೆ. ಅದರ ಗಟ್ಟಿ ಕವಚದೊಳಕ್ಕೆ ನನ್ನ ಬಣ್ಣ ಇಳಿದಿರಲಿಲ್ಲ, ಡಿಎನ್‌ಎ ತೆಗೆಯಲು ನಾನು ಬಳಸಿದ ಮೃದು ವಿಧಾನಕ್ಕೆ ಅದು ಬಾಗಿಲನ್ನೇ ತೆರೆದಿರಲಿಲ್ಲ. ನನ್ನ ಮೂರು ಪರೀಕ್ಷೆಗಳೂ ಒಂದೇ ಪ್ರಶ್ನೆಯನ್ನು ಮೂರು ದನಿಯಲ್ಲಿ ಕೇಳುತ್ತಿದ್ದವು: ಎಚ್ಚರ ಇದ್ದೀಯಾ?

ಬೀಜಾಣುವನ್ನು ಹಿಡಿಯಲು ಬೇರೆ ಉಪಾಯವಿದೆ. ಅದರ ಒಣತೂಕದಲ್ಲಿ ಶೇ. 5ರಿಂದ 15ರಷ್ಟು ಡೈಪಿಕೊಲಿನಿಕ್ ಆಮ್ಲ ಎಂಬ ವಸ್ತು ಇರುತ್ತದೆ. ಬಿಸಿ ಮಾಡಿ ಅದನ್ನು ಹೊರಗೆ ತಂದು ಟರ್ಬಿಯಂ ಲವಣ ಸೇರಿಸಿ ನೇರಳಾತೀತ ಬೆಳಕು ಬಿಟ್ಟರೆ ಹಸಿರು ಹೊಳಪು ಬರುತ್ತದೆ. ಆಮೇಲೆ ನಾನದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ, ಆ ಹಸಿರು ಕಂಡಾಗಲೆಲ್ಲ ಏಳನೆಯ ಶೀಶೆ ನೆನಪಾಗುತ್ತದೆ. ಇನ್ನೊಂದು ಮೋಜಿನ ಸಂಗತಿ. ಈ ಬೀಜಾಣುಗಳನ್ನು ಎಬ್ಬಿಸಲು ಅಲನೀನ್ ಎಂಬ ಅಮೈನೋ ಆಮ್ಲ ಸಾಕು. ಅಲನೀನ್ ಅಣುವಿಗೆ ಎಡಗೈ-ಬಲಗೈಯಂತೆ ಎರಡು ರೂಪಗಳಿವೆ. ಎಡ ರೂಪ ಹಾಕಿದರೆ ಎದ್ದೇಳುತ್ತವೆ. ಬಲ ರೂಪವನ್ನೂ ಜೊತೆಗೆ ಹಾಕಿದರೆ ಏಳಲು ಹಿಂದೆಮುಂದೆ ನೋಡುತ್ತವೆ. ಮಲಗಿರುವ ಧೂಳಿನ ಕಣಕ್ಕೂ ಎಡಬಲ ತಿಳಿಯುತ್ತದೆ. ಈ ಎಡಬಲದ ಮಾತಿಗೆ ಮುಂದೆ ಬರುತ್ತೇನೆ.

ಈ ತಪ್ಪಾದ ಮೇಲೆಯೇ ನಾನು ವೈಕಿಂಗ್ ನೌಕೆಗಳ ಫಲಿತಾಂಶಗಳನ್ನು ಸರಿಯಾಗಿ ಕುಳಿತು ಓದಿದ್ದು. 1976ರ ಜುಲೈ 20ರಂದು ಮೊದಲ ವೈಕಿಂಗ್, ಸೆಪ್ಟೆಂಬರ್ 3ರಂದು ಎರಡನೆಯದು ಮಂಗಳದಲ್ಲಿ ಇಳಿದವು. ಒಂದೊಂದರಲ್ಲೂ ಮೂರು ಜೀವಪತ್ತೆ ಪ್ರಯೋಗಗಳಿದ್ದವು. ಗಿಲ್ಬರ್ಟ್ ಲೆವಿನ್ ಅವರದ್ದು ಮಣ್ಣಿಗೆ ಆಹಾರ ಉಣಿಸಿ ಅದು ಗಾಳಿ ಬಿಡುತ್ತದೆಯೇ ನೋಡುವ ಪ್ರಯೋಗ, ಆಹಾರದಲ್ಲಿ ವಿಕಿರಣಶೀಲ ಇಂಗಾಲ-14ರ ಗುರುತು. ನಾರ್ಮನ್ ಹೊರೊವಿಟ್ಸ್ ಅವರದ್ದು ಮಣ್ಣು ಗಾಳಿಯಿಂದ ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬ ಪ್ರಶ್ನೆ. ವ್ಯಾನ್ಸ್ ಒಯಾಮ ಅವರದ್ದು ಸುತ್ತಲಿನ ಅನಿಲಗಳಲ್ಲಿ ಆಗುವ ಏರುಪೇರು. ಮೂರೂ ಮೂರು ವ್ಯಾಖ್ಯೆಗಳು, ಲೋಹದಲ್ಲಿ ಎರಕ ಹೊಯ್ದವು. ನಾಲ್ಕನೆಯದೊಂದು ಇತ್ತು, ವುಲ್ಫ್ ವಿಷ್ನಿಯಾಕ್ ಅವರದ್ದು. ಖರ್ಚು ಮತ್ತು ಭಾರದ ಕಾರಣಕ್ಕೆ ನೌಕೆಯಿಂದ ಕೈಬಿಟ್ಟರು. ಅವರು ಎದೆಗುಂದದೆ ಅಂಟಾರ್ಕ್ಟಿಕಾದ ಒಣ ಕಣಿವೆಗಳಲ್ಲಿ ಮಣ್ಣಿನ ಜೀವಿಗಳನ್ನು ಹುಡುಕಲು ಹೋದರು, 1973ರಲ್ಲಿ ಅಲ್ಲಿಯೇ ಜಾರಿ ಬಿದ್ದು ತೀರಿಕೊಂಡರು.

ಲೆವಿನ್ ಅವರ ಪ್ರಯೋಗದಲ್ಲಿ ಗಾಳಿ ಬಂತು, ಚೆನ್ನಾಗಿಯೇ ಬಂತು. ಮಣ್ಣನ್ನು ಮೊದಲೇ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಕಾಯಿಸಿ ಉಣಿಸಿದಾಗ ಬರಲಿಲ್ಲ. ಬೇಯಿಸಿದರೆ ಸಾಯುವುದು ಜೀವವೇ ತಾನೇ? ಆದರೆ ಎರಡನೆಯ ಸಲ ಆಹಾರ ಹಾಕಿದಾಗ ಹೊಸದಾಗಿ ಗಾಳಿ ಏಳಲಿಲ್ಲ. ಹಸಿದ ಜೀವಿಯಾದರೆ ಎರಡನೆಯ ತುತ್ತಿಗೂ ಬಾಯಿ ತೆರೆಯಬೇಕಿತ್ತು. ಒಯಾಮ ಅವರ ಪ್ರಯೋಗದಲ್ಲಿ ಮಣ್ಣಿಗೆ ಬರೀ ತೇವ ತಗುಲಿದ್ದಕ್ಕೇ ಆಮ್ಲಜನಕ ಹೊರಬಂತು. ಸಾವಯವ ವಸ್ತು ಹುಡುಕುವ ಇನ್ನೊಂದು ಉಪಕರಣಕ್ಕೆ ಸಿಕ್ಕದ್ದು ಕ್ಲೋರಿನ್ ಸೇರಿದ ಒಂದೆರಡು ಸಣ್ಣ ಅಣುಗಳು ಮಾತ್ರ. ಅದನ್ನು ಭೂಮಿಯಿಂದ ಅಂಟಿಕೊಂಡು ಹೋದ ಶುಚಿಕಾರಕದ ಉಳಿಕೆ ಎಂದು ಬದಿಗಿಟ್ಟರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ, ಕ್ಲೋರಿನ್ ಮತ್ತು ಆಮ್ಲಜನಕ ಸೇರಿದ ಲವಣ ಇರುವುದನ್ನು ಕಂಡಿತು. ಪರ್‌ಕ್ಲೋರೇಟ್ ಇರುವ ಮಣ್ಣನ್ನು ಕಾಯಿಸಿದರೆ ಅದು ಒಳಗಿನ ಸಾವಯವ ವಸ್ತುವನ್ನು ಸುಟ್ಟು ಅದೇ ಕ್ಲೋರಿನ್ ಅಣುಗಳನ್ನು ಕೊಡುತ್ತದೆ ಎಂದು ರಫಾಯೆಲ್ ನವಾರೊ-ಗೊನ್ಸಾಲೆಸ್ ತಂಡ ಚಿಲಿಯ ಅಟಕಾಮ ಮರುಭೂಮಿಯ ಮಣ್ಣಿನಲ್ಲಿ 2010ರಲ್ಲಿ ತೋರಿಸಿತು. ಹುಡುಕುವ ಉಪಕರಣವೇ ಹುಡುಕುತ್ತಿದ್ದ ವಸ್ತುವನ್ನು ಸುಟ್ಟಿರಬಹುದು.

ಲೆವಿನ್ 2021ರಲ್ಲಿ ತೀರಿಕೊಳ್ಳುವವರೆಗೂ ತಾವು ಕಂಡದ್ದು ಜೀವವೇ ಎನ್ನುತ್ತಿದ್ದರು. ನಾನು ಒಪ್ಪುವುದಿಲ್ಲ. ಆದರೆ ಅವರನ್ನು ನೋಡಿ ನಗುವುದಕ್ಕೂ ನನಗೆ ಆಗುವುದಿಲ್ಲ, 'ಖಚಿತ' ಎಂಬ ಪದದ ಕೆಳಗೆ ಗೆರೆ ಎಳೆದ ಕೈ ಇದು. ವೈಕಿಂಗ್‌ನಲ್ಲಿ ಕೊರತೆಯಾಗಿದ್ದದ್ದು ಜಾಣತನವಲ್ಲ. ಜೀವವಿಲ್ಲದ ಮಂಗಳದ ಮಣ್ಣು ತನ್ನಷ್ಟಕ್ಕೆ ತಾನು ಏನೇನು ಮಾಡಬಲ್ಲುದು ಎಂಬ ಪಟ್ಟಿ ಆಗ ಯಾರ ಕೈಯಲ್ಲೂ ಇರಲಿಲ್ಲ.

ಮೂರನೆಯ ತಪ್ಪು ಹೇಳಿಕೊಳ್ಳಲೇ ನಾಚಿಕೆ. ಒಂಬತ್ತನೆಯ ಶೀಶೆಯಲ್ಲಿ ತಿಳಿನೀರು. ಸೂಕ್ಷ್ಮದರ್ಶಕದಲ್ಲಿ ಏನೂ ಇಲ್ಲ, ಎಟಿಪಿ ಅತ್ಯಲ್ಪ. ಪಿಸಿಆರ್ ಮಾತ್ರ ಹೌದು ಎಂದಿತು. ಪಿಸಿಆರ್ ಒಂದೊಂದು ಸುತ್ತಿಗೂ ಡಿಎನ್‌ಎಯನ್ನು ಇಮ್ಮಡಿಸುತ್ತದೆ. ನಾಲ್ವತ್ತು ಸುತ್ತು ತಿರುಗಿಸಿದರೆ ಬೆರಳೆಣಿಕೆಯ ಅಣುಗಳೂ ಕೋಟಿಕೋಟಿಯಾಗುತ್ತವೆ. ಎಟಿಪಿಯ ಆ ಚೂರನ್ನೂ ಸೇರಿಸಿ "ಬಹಳ ವಿರಳವಾಗಿ ಜೀವವಿದೆ" ಎಂದು ಬರೆದೆ. ಡಿಎನ್‌ಎ ಸರಣಿಯನ್ನು ಓದಿಸಿದಾಗ ಬಂದದ್ದು ಕ್ಯುಟಿಬ್ಯಾಕ್ಟೀರಿಯಂ ಏಕ್ನೆಸ್. ಮೊಡವೆಗಳ ಜೊತೆಗೆ ಹೆಸರು ತಳುಕು ಹಾಕಿಕೊಂಡ, ಮನುಷ್ಯರ ಚರ್ಮದ ಮೇಲೆ ಮನೆ ಮಾಡಿರುವ ಬ್ಯಾಕ್ಟೀರಿಯಾ. ಒಂಬತ್ತನೆಯ ಶೀಶೆಯಲ್ಲಿ ಅವರು ಹಾಕಿದ್ದದ್ದು ಶುದ್ಧೀಕರಿಸಿದ ನೀರು. ನಾನು ಮಂಗಳದಲ್ಲಿ ಪತ್ತೆಹಚ್ಚಿದ ಜೀವ ನನ್ನ ಹಣೆಯದ್ದು.

ತಂಡದವರು ನಕ್ಕರು, ನಾನೂ ನಕ್ಕೆ, ಆದರೆ ಮೂರರಲ್ಲಿ ಹೆಚ್ಚು ಅಪಾಯದ್ದು ಇದೇ. ಬೇರೆ ಲೋಕಕ್ಕೆ ಹೋಗುವ ನೌಕೆಗಳನ್ನು ಜೋಡಿಸುವ ಶುಚಿ ಕೋಣೆಗಳಲ್ಲೂ ಜೀವಿಗಳು ಸಿಗುತ್ತವೆ. ಟೆರ್ಸಿಕಾಕಸ್ ಫೀನಿಸಿಸ್ ಎಂಬ ಬ್ಯಾಕ್ಟೀರಿಯಾ ಮೊದಲು ಸಿಕ್ಕದ್ದೇ ಅಂಥ ಎರಡು ಕೋಣೆಗಳಲ್ಲಿ, ಒಂದು ಫ್ಲಾರಿಡಾದಲ್ಲಿ, ಇನ್ನೊಂದು ಸಾವಿರಾರು ಕಿಲೋಮೀಟರ್ ದೂರದ ಫ್ರೆಂಚ್ ಗಯಾನಾದಲ್ಲಿ. ವೈಕಿಂಗ್ ನೌಕೆಗಳನ್ನು ಸುಮಾರು 112 ಡಿಗ್ರಿ ಶಾಖದಲ್ಲಿ ಮೂವತ್ತು ಗಂಟೆಯ ಹತ್ತಿರ ಬೇಯಿಸಿಯೇ ಕಳುಹಿಸಿದ್ದು ಇದೇ ಭಯಕ್ಕೆ.

ಆವತ್ತಿನಿಂದ ನನ್ನ ಕೆಲಸದಲ್ಲಿ ಖಾಲಿ ಶೀಶೆಗಳಿಗೆ ರಾಜಮರ್ಯಾದೆ. ಮರುಭೂಮಿಯಲ್ಲಿ ಮಣ್ಣು ತೆಗೆಯುವಾಗ ಅಲ್ಲಿಯೇ ಒಂದು ಖಾಲಿ ಶೀಶೆಯ ಮುಚ್ಚಳ ತೆಗೆದು, ಮಣ್ಣು ತುಂಬುವಷ್ಟು ಹೊತ್ತು ಗಾಳಿಗೆ ಹಿಡಿದು ಮುಚ್ಚುತ್ತೇನೆ. ಇನ್ನೊಂದು ಖಾಲಿ ಶೀಶೆ ಮುಚ್ಚಳವನ್ನೇ ತೆಗೆಯದೆ ಜೊತೆಗೆ ಪ್ರಯಾಣ ಮಾಡುತ್ತದೆ. ಪ್ರಯೋಗಾಲಯದಲ್ಲಿ ಬಳಸುವ ದ್ರಾವಣಗಳಿಗೇ ಮತ್ತೊಂದು. ಕೊರೆಯುವ ಉಪಕರಣಕ್ಕೆ ಬ್ಯಾಕ್ಟೀರಿಯಾ ಗಾತ್ರದ, ಹೊಳೆಯುವ ಪ್ಲಾಸ್ಟಿಕ್ ಮಣಿಗಳನ್ನು ಬಳಿಯುತ್ತೇವೆ. ಹೊರತೆಗೆದ ಮಣ್ಣಿನ ನಡುಭಾಗದಲ್ಲಿ ಒಂದೇ ಒಂದು ಮಣಿ ಕಂಡರೂ ಹೊರಗಿನದ್ದು ಒಳಗೆ ಹೋಗಿದೆ ಎಂದರ್ಥ, ಆ ಮಾದರಿ ಕಸದ ಬುಟ್ಟಿಗೆ. ಒಮ್ಮೆ ನಾಲ್ಕು ದಿನದ ಕೆಲಸವೆಲ್ಲ ಹೀಗೇ ಹೋಯಿತು.

ಇಷ್ಟಾದ ಮೇಲೆ ನೋಟ್‌ಬುಕ್ಕಿನ ಆ ಮೊದಲ ಪುಟಕ್ಕೆ ಮರಳಿದೆ. ತತ್ತ್ವಜ್ಞಾನಿ ಕ್ಯಾರೊಲ್ ಕ್ಲೆಲೆಂಡ್ ಮತ್ತು ಖಗೋಳ ವಿಜ್ಞಾನಿ ಕ್ರಿಸ್ಟೊಫರ್ ಚೈಬಾ 2002ರಲ್ಲಿ ಒಂದು ಮಾತು ಹೇಳಿದ್ದರು. ಅಣುಗಳ ಸಿದ್ಧಾಂತ ಬರುವ ಮೊದಲು ನೀರಿಗೆ ವ್ಯಾಖ್ಯೆ ಕೇಳಿದ್ದರೆ ಏನು ಹೇಳುತ್ತಿದ್ದರು? ಬಣ್ಣವಿಲ್ಲದ್ದು, ಹರಿಯುವುದು, ಬಾಯಾರಿಕೆ ತಣಿಸುವುದು. ಆ ಪಟ್ಟಿಯನ್ನು ಎಷ್ಟು ತಿದ್ದಿದರೂ ಎಚ್‌2ಒ ಎಂಬಲ್ಲಿಗೆ ತಲುಪುತ್ತಿರಲಿಲ್ಲ. ಜೀವದ ವಿಷಯದಲ್ಲಿ ನಾವಿನ್ನೂ ಆ ಬಾಯಾರಿಕೆಯ ಕಾಲದಲ್ಲಿಯೇ ಇದ್ದೇವೆ ಎನ್ನುವುದು ಅವರ ವಾದ. ನಮಗೆ ಗೊತ್ತಿರುವುದು ಒಂದೇ ಒಂದು ಬಗೆಯ ಜೀವ, ಭೂಮಿಯದ್ದು. ಮೂರು ಶೀಶೆಗಳಲ್ಲಿ ಎಡವಿದ ಮೇಲೆ ಈ ಮಾತು ನನಗೆ ಹಿತವಾಗಿ ಕೇಳಿಸಿತು. ವ್ಯಾಖ್ಯೆಯನ್ನು ಅಳಿಸಿದೆ. ಅದರ ಜಾಗದಲ್ಲಿ ಎರಡು ಅಂಕಣ ಎಳೆದು, ಎಡಕ್ಕೆ "ಜೀವವಿಲ್ಲದೆ ಇಲ್ಲಿ ಏನೇನು ಆಗಬಹುದು" ಎಂದು ಬರೆದೆ. ಈಗಲೂ ಯಾವುದೇ ಮಾದರಿ ಬಂದರೂ ಮೊದಲು ತುಂಬುವುದು ಈ ಎಡ ಅಂಕಣ. ಅದು ತುಂಬುವವರೆಗೆ ಬಲ ಅಂಕಣಕ್ಕೆ ಪೆನ್ನು ಹೋಗುವುದಿಲ್ಲ.

ಪರೀಕ್ಷೆಗಳೂ ಬದಲಾದವು. ಈಗ ನಾನು ಹೆಚ್ಚು ನಂಬುವುದು ಕೊಬ್ಬಿನಾಮ್ಲಗಳನ್ನು. ಮಣ್ಣಿನಿಂದ ಅವನ್ನು ತೆಗೆದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಹಾಕಿದರೆ ಇಂಗಾಲದ ಸರಪಳಿಯ ಉದ್ದಕ್ಕೆ ತಕ್ಕಂತೆ ಒಂದಾದ ಮೇಲೊಂದು ಹೊರಬಂದು ಪರದೆಯ ಮೇಲೆ ಶಿಖರಗಳಾಗಿ ನಿಲ್ಲುತ್ತವೆ. ಜೀವವಿಲ್ಲದ ರಸಾಯನಕ್ರಿಯೆ ಇಂಗಾಲವನ್ನು ಒಂದೊಂದಾಗಿ ಪೋಣಿಸುತ್ತದೆ, ಹಾಗಾಗಿ ಶಿಖರಗಳು ಮೆಟ್ಟಿಲಿಳಿದಂತೆ ಸಮನಾಗಿ ತಗ್ಗುತ್ತ ಹೋಗುತ್ತವೆ. ನಮ್ಮ ಬಗೆಯ ಜೀವ ಎರಡೆರಡು ಇಂಗಾಲದ ತುಂಡುಗಳನ್ನು ಜೋಡಿಸಿ ಕೊಬ್ಬು ಕಟ್ಟುತ್ತದೆ. 14 ಎತ್ತರ, 15 ಗಿಡ್ಡ, 16 ಮುಗಿಲೆತ್ತರ, 17 ಮತ್ತೆ ಗಿಡ್ಡ, 18 ಎತ್ತರ. ಒಂದು ಬಿಟ್ಟು ಒಂದು ಹಲ್ಲು ಮುರಿದ ಬಾಚಣಿಗೆಯಂತೆ. ಮೊದಲ ಸಲ ಅಟಕಾಮದ ಮಣ್ಣಿನಿಂದ ಆ ಬಾಚಣಿಗೆ ಪರದೆಯ ಮೇಲೆ ಮೂಡಿದಾಗ, ಕಣ್ಣಿಗೆ ಏನೂ ಕಾಣದ ಆ ಒಣ ಮಣ್ಣಿನಲ್ಲಿ ಯಾರೋ ಲೆಕ್ಕ ಬರೆದಿಟ್ಟು ಹೋಗಿದ್ದಾರೆ ಅನಿಸಿತು.

ಬೇರೆ ಲೋಕದ ಜೀವ ನಮ್ಮಂತೆಯೇ ಎರಡೆರಡಾಗಿ ಎಣಿಸಬೇಕೆಂದೇನೂ ಇಲ್ಲ. ಮೂರುಮೂರಾಗಿ ಎಣಿಸಲಿ. ಆದರೆ ಸಾಧ್ಯವಿರುವ ನೂರಾರು ಅಣುಗಳಲ್ಲಿ ಕೆಲವನ್ನೇ ಆಯ್ದು ಅವನ್ನೇ ಮತ್ತೆಮತ್ತೆ ಬಳಸುವ ಅಭ್ಯಾಸ ಎಲ್ಲ ಜೀವಕ್ಕೂ ಇರಬೇಕು ಎನ್ನುವುದು ಗ್ರಹವಿಜ್ಞಾನಿ ಕ್ರಿಸ್ ಮೆಕೇ ಅವರ ಲೆಗೊ ತತ್ತ್ವ. ಮಕ್ಕಳ ಆಟಿಕೆಯ ಆ ಇಟ್ಟಿಗೆಗಳ ಹಾಗೆ, ಕೆಲವೇ ಅಚ್ಚುಗಳಿಂದ ಎಲ್ಲವನ್ನೂ ಕಟ್ಟುವುದು. ಕೆಲಸ ಮಾಡುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾತು ಈ ಕ್ಷೇತ್ರದಲ್ಲಿ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಎಡಬಲದ ಪರೀಕ್ಷೆಯೂ ಇದರ ದಾಯಾದಿಯೇ. ಭೂಮಿಯ ಜೀವ ತನ್ನ ಪ್ರೋಟೀನುಗಳಲ್ಲಿ ಎಡಗೈ ಅಮೈನೋ ಆಮ್ಲಗಳನ್ನೇ ಬಳಸುತ್ತದೆ. ಯಂತ್ರದಲ್ಲಿ ಅಲನೀನ್‌ಗೆ ಎರಡು ಶಿಖರ ಸಮವಾಗಿ ಎದ್ದರೆ ನಿರ್ಜೀವ ರಸಾಯನ, ಒಂದೇ ಎದ್ದರೆ ಜೀವ. ಹೇಳಲು ಸುಲಭ. ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರ್‌ನಲ್ಲಿ ಬೆನ್ನು ಎಂಬ ಹೆಸರಿನ ಕ್ಷುದ್ರಗ್ರಹದಿಂದ ತಂದ 121.6 ಗ್ರಾಂ ಪುಡಿಯಲ್ಲಿ, ನಮ್ಮ ಪ್ರೋಟೀನುಗಳ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕವು. ಡಿಎನ್‌ಎ, ಆರ್‌ಎನ್‌ಎಗಳ ಅಕ್ಷರಗಳೆನ್ನಬಹುದಾದ ಐದೂ ಪ್ರತ್ಯಾಮ್ಲಗಳೂ ಸಿಕ್ಕವು. ಎಡಬಲ ಹೆಚ್ಚುಕಡಿಮೆ ಸಮಸಮ, ಜೀವವಿಲ್ಲ. ಆದರೆ 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಐಸೊವಲೀನ್ ಎಂಬ ಅಮೈನೋ ಆಮ್ಲ ಎಡಕ್ಕೆ ವಾಲಿದೆ, ಅಲ್ಲಿಯೂ ಜೀವವಿಲ್ಲ. ಇತ್ತ ಸತ್ತ ಜೀವಿಯ ಎಡಗೈ ಅಣುಗಳು ಕಾಲ ಕಳೆದಂತೆ ತಾವಾಗಿಯೇ ಸಮಸಮವಾಗುತ್ತವೆ. ಹಾಗಾಗಿ ಸಮಸಮ ಕಂಡರೂ ಎಂದೂ ಜೀವವಿರಲಿಲ್ಲ ಎನ್ನಲು ಬರುವುದಿಲ್ಲ.

ದೂರದ ಗ್ರಹಗಳ ಕೆಲಸ ನನ್ನದಲ್ಲ, ಆದರೆ ಅಲ್ಲಿಯೂ ಇದೇ ಎಡ ಅಂಕಣದ ತಾಪತ್ರಯ. ಬೇರೊಂದು ನಕ್ಷತ್ರವನ್ನು ಸುತ್ತುವ ಕೆ2-18ಬಿ ಗ್ರಹದ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್‌ನ ಸುಳಿವು ಸಿಕ್ಕಿದೆ ಎಂದು 2025ರಲ್ಲಿ ನಿಕ್ಕು ಮಧುಸೂದನ್ ತಂಡ ಪ್ರಕಟಿಸಿತು. ಭೂಮಿಯಲ್ಲಿ ಆ ಅನಿಲದ ಮುಖ್ಯ ಮೂಲ ಸಮುದ್ರದ ಸೂಕ್ಷ್ಮಜೀವಿಗಳು. ಸುಳಿವು ಎಷ್ಟು ಗಟ್ಟಿ ಎಂಬ ತಕರಾರು ಒಂದು ಕಡೆ. ಅದೇ ಅಣು 67ಪಿ ಧೂಮಕೇತುವಿನ ದತ್ತಾಂಶದಲ್ಲೂ ಕಂಡಿದೆ ಎಂಬುದು ಇನ್ನೊಂದು ಕಡೆ. ದೂರದಿಂದಲೇ ಜೀವ ಹುಡುಕುವ ಪ್ರಯೋಗಗಳಲ್ಲಿ ನನಗೆ ಇಷ್ಟವಾದದ್ದು ಹಳೆಯದು. 1990ರ ಡಿಸೆಂಬರ್‌ನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ ಭೂಮಿಯ ಪಕ್ಕದಲ್ಲೇ ಹಾದಾಗ, ಅದರ ಉಪಕರಣಗಳನ್ನು ಭೂಮಿಯತ್ತಲೇ ತಿರುಗಿಸಿ, ಇಲ್ಲಿ ಜೀವವಿದೆಯೇ ಎಂದು ಕಾರ್ಲ್ ಸೇಗನ್ ಮತ್ತು ಸಂಗಡಿಗರು ಕೇಳಿದರು. ಹೇರಳ ಆಮ್ಲಜನಕ, ಅದರ ಜೊತೆ ಇರಬಾರದಷ್ಟು ಮೀಥೇನ್, ಯಾವ ಖನಿಜಕ್ಕೂ ಹೊಂದದ ರೀತಿಯಲ್ಲಿ ಕೆಂಪು ಬೆಳಕನ್ನು ನುಂಗುವ ನೆಲ, ರೇಡಿಯೊ ಸದ್ದು. ಉತ್ತರ ಗೊತ್ತಿರುವ ಶೀಶೆಯನ್ನು ಮೊದಲು ಪರೀಕ್ಷಿಸಿದ ಆ ವಿವೇಕ ನನಗಿರಲಿಲ್ಲ.

ಕೆಲವು ವರ್ಷಗಳ ನಂತರ ಅದೇ ಹಿರಿಯರನ್ನು ನಾನೇ ಹೋಗಿ ಇನ್ನೊಂದು ಹತ್ತು ಶೀಶೆ ಕೊಡಿ ಎಂದು ಕೇಳಿದೆ. ಜೊತೆಗೆ ಮೂರು ಖಾಲಿ ಶೀಶೆಗಳನ್ನೂ ಕೇಳಿದಾಗ ಅವರು ಮುಗುಳ್ನಕ್ಕರು. ಈ ಸಲ ಉತ್ತರದ ಹಾಳೆಯಲ್ಲಿ 'ಇದೆ', 'ಇಲ್ಲ'ಗಳ ಪಕ್ಕ 'ಹೇಳಲಾಗದು' ಎಂಬ ಮೂರನೆಯ ಅಂಕಣವೊಂದನ್ನು ನಾನೇ ಸೇರಿಸಿದ್ದೆ. ಒಂಬತ್ತು ಶೀಶೆಗಳಲ್ಲಿ ಒಂದೂ ತಪ್ಪಲಿಲ್ಲ. ಆರನೆಯದು ಮಾತ್ರ ಮೂರನೆಯ ಅಂಕಣಕ್ಕೆ ಹೋಯಿತು. ಅಮೈನೋ ಆಮ್ಲಗಳು ಸ್ವಲ್ಪ ಎಡಕ್ಕೆ ವಾಲಿದ್ದವು, ಕೊಬ್ಬಿನಾಮ್ಲಗಳಲ್ಲಿ ಬಾಚಣಿಗೆಯೂ ಅಲ್ಲದ ಮೆಟ್ಟಿಲೂ ಅಲ್ಲದ ಏನೋ ಒಂದು.

"ತೀರ್ಮಾನ ಮಾಡಲು ಇನ್ನೇನು ಬೇಕು?" ಎಂದು ಕೇಳಿದರು.

ಬೇಕಾದದ್ದನ್ನೆಲ್ಲ ಹೇಳಿದೆ. ಇಂಗಾಲ-12 ಮತ್ತು ಇಂಗಾಲ-13ರ ಪ್ರಮಾಣ ಅಳೆಯಬೇಕು, ಕೊಬ್ಬಿನಾಮ್ಲದ ಪರೀಕ್ಷೆಯನ್ನು ಇನ್ನೆರಡು ಸಲ ಮಾಡಬೇಕು, ಈ ಮಣ್ಣು ಬಂದ ಜಾಗದ ಸುತ್ತಲಿನ ಕಲ್ಲು ನೋಡಬೇಕು, ಮುಖ್ಯವಾಗಿ ಇನ್ನೆರಡು ಗ್ರಾಂ ಮಣ್ಣು ಬೇಕು.

"ಇದ್ದದ್ದೇ ಅಷ್ಟು," ಎಂದರು ಅವರು, ಖಾಲಿಯಾದ ಆರನೆಯ ಶೀಶೆಯನ್ನು ಬೆಳಕಿಗೆ ಹಿಡಿದು. "ಮಂಗಳದಿಂದ ಬಂದದ್ದು ಎಂದು ಮೊದಲೇ ಹೇಳಿದ್ದೆನಲ್ಲ."

ಪರ್ಸಿವಿಯರೆನ್ಸ್ ರೋವರ್ 2024ರ ಜುಲೈನಲ್ಲಿ ಮಂಗಳದ ಜೆಜೆರೊ ಕುಳಿಯ ಹಳೆಯ ನದಿಪಾತ್ರದಲ್ಲಿ ಚಿರತೆಯ ಮೈಯಂಥ ಚುಕ್ಕೆಗಳಿರುವ ಕಲ್ಲೊಂದನ್ನು ಕೊರೆಯಿತು. ಆ ಚುಕ್ಕೆಗಳಲ್ಲಿ ವಿವಿಯನೈಟ್, ಗ್ರೈಗೈಟ್ ಎಂಬ ಕಬ್ಬಿಣದ ಖನಿಜಗಳ ಸುಳಿವಿದೆ. ಭೂಮಿಯಲ್ಲಿ ಇವುಗಳ ಹುಟ್ಟಿನಲ್ಲಿ ಬಹಳ ಸಲ ಸೂಕ್ಷ್ಮಜೀವಿಗಳ ಕೈವಾಡವಿರುತ್ತದೆ, ಸೂಕ್ಷ್ಮಜೀವಿಗಳಿಲ್ಲದೆಯೂ ಇವು ಆಗಬಹುದು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವರದಿ "ಸಂಭಾವ್ಯ ಜೀವಕುರುಹು" ಎಂಬಲ್ಲಿಗೆ ನಿಂತಿತು. ಕೊರೆದ ಆ ತುಂಡು ಮಂಗಳದಲ್ಲಿಯೇ ಒಂದು ಲೋಹದ ಕೊಳವೆಯೊಳಗೆ ಮುಚ್ಚಿಕೊಂಡಿದೆ. ಆ ವರದಿ ಬಂದ ದಿನ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಎರಡು ಅಂಕಣ ಎಳೆದೆ. ಎಡಭಾಗದಲ್ಲಿ ಈವರೆಗೆ ಹನ್ನೊಂದು ಸಾಲುಗಳಾಗಿವೆ.